ಕುಸಿದ ಸೋಫಾ: ಹೊಸ ಫೋಮ್ ತರುವ ಮೊದಲು ಕೆಳಗೆ ಬಗ್ಗಿ ನೋಡಿ

ಮನೆಯ ಹಿರಿಯರು ಸೋಫಾದಿಂದ ಏಳುವಾಗ ಎರಡೂ ಕೈ ಊರಿ, ಮುಂದಕ್ಕೆ ಬಾಗಿ, ಒಂದೆರಡು ಸಲ ತೂಗಿಕೊಂಡು ಏಳುತ್ತಿದ್ದರೆ ಎಲ್ಲರೂ ಹೇಳುವುದು ‘ಮಂಡಿ ನೋವು’ ಅಂತ. ಎಣ್ಣೆ ತಿಕ್ಕುವುದು, ಎಕ್ಸ್‌ರೇ ತೆಗೆಸುವುದು ಎಲ್ಲ ಆಗುತ್ತದೆ. ಆದರೆ ಅದೇ ಹಿರಿಯರು ಊಟದ ಮೇಜಿನ ಕುರ್ಚಿಯಿಂದ ಅಷ್ಟು ಕಷ್ಟವಿಲ್ಲದೆ ಏಳುತ್ತಾರೆ ಎಂಬುದನ್ನು ಹೆಚ್ಚಿನವರು ಗಮನಿಸುವುದಿಲ್ಲ. ಸಾಮಾನ್ಯ ಕುರ್ಚಿಯ ಸೀಟ್ ನೆಲದಿಂದ 16ರಿಂದ 18 ಇಂಚು ಎತ್ತರದಲ್ಲಿರುತ್ತದೆ. ಸೋಫಾ ಹೊಸತಿರುವಾಗ ಅದೂ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಕುಶನ್ ಕುಸಿದ ಮೇಲೆ ಕುಳಿತವರು ನಾಲ್ಕೈದು ಇಂಚು ಕೆಳಗೆ ಇಳಿಯುತ್ತಾರೆ. ಆಗ ಸೊಂಟ ಮಂಡಿಗಿಂತ ಕೆಳಗೆ ಹೋಗುತ್ತದೆ, ಬೆನ್ನು ಬಿಲ್ಲಿನ ಹಾಗೆ ಬಾಗುತ್ತದೆ, ಏಳಬೇಕಾದರೆ ಇಡೀ ಮೈಭಾರವನ್ನು ಮಂಡಿಯೇ ಎತ್ತಬೇಕಾಗುತ್ತದೆ. ನೋವಿದ್ದ ಮಂಡಿಗೆ ಇದು ದಿನಕ್ಕೆ ಹತ್ತಿಪ್ಪತ್ತು ಸಲ ಕೊಡುವ ಶಿಕ್ಷೆ.

ಡಾಕ್ಟರ್ ಹತ್ತಿರ ಹೋಗುವುದು ಬೇಡ ಎಂದಲ್ಲ. ಅದರ ಜೊತೆಗೆ ಒಂದು ಟೇಪ್ ಹಿಡಿದು ಸೋಫಾವನ್ನೂ ಅಳೆಯಬೇಕು. ಖಾಲಿ ಇರುವಾಗ ಸೀಟ್ ಎಷ್ಟು ಎತ್ತರ, ಒಬ್ಬರು ಕುಳಿತ ಮೇಲೆ ಎಷ್ಟು ಎತ್ತರ, ಇವೆರಡನ್ನು ಬರೆದಿಟ್ಟುಕೊಳ್ಳಿ. ಕುಳಿತಾಗ 14 ಇಂಚಿಗಿಂತ ಕೆಳಗೆ ಬಂದರೆ ವಯಸ್ಸಾದವರಿಗೆ ಆ ಸೀಟ್ ಆಗುವುದಿಲ್ಲ ಅಂತಲೇ ಲೆಕ್ಕ.

ಮತ್ತೆ ಹೆಚ್ಚಿನ ಮನೆಗಳಲ್ಲಿ ಆಗುವುದು ಹೀಗೆ: ಹಬ್ಬ ಹತ್ತಿರ ಬಂತು, ಇಲ್ಲವೇ ಹುಡುಗಿ ನೋಡಲು ಜನ ಬರುತ್ತಾರೆ, ಸೋಫಾ ನೋಡಿದರೆ ಮರ್ಯಾದೆ ಹೋಗುವ ಹಾಗಿದೆ. ಗಡಿಬಿಡಿಯಲ್ಲಿ ಒಂದೋ ಎಕ್ಸ್‌ಚೇಂಜ್‌ಗೆ ಕೊಟ್ಟು ಹೊಸತು ತರುತ್ತಾರೆ, ಅಥವಾ ಸಿಕ್ಕಿದ ಫೋಮ್ ತುರುಕಿಸುತ್ತಾರೆ. ಫೋಮ್ ಹಾಕಿಸಿದವರಲ್ಲಿ ಕೆಲವರು ಆರು ತಿಂಗಳಿಗೆ ಮತ್ತೆ ಅದೇ ಗುಂಡಿಯಲ್ಲಿ ಕುಳಿತಿರುತ್ತಾರೆ. ‘ಈಗಿನ ಫೋಮೇ ಹಾಗೆ’ ಎಂದು ಬೈಯುತ್ತಾರೆ. ಕೆಲವೊಮ್ಮೆ ಫೋಮ್‌ನದು ತಪ್ಪೇ ಇರುವುದಿಲ್ಲ.

ನೆಲದ ಪರೀಕ್ಷೆ

ಕುಸಿದದ್ದು ಕುಶನ್ನೋ ಅದರ ಕೆಳಗಿನ ಅಡಿಪಾಯವೋ ಎಂದು ತಿಳಿಯಲು ಮೆಕ್ಯಾನಿಕ್ ಬೇಕಾಗಿಲ್ಲ. ಕುಶನ್ ತೆಗೆದು ಗಟ್ಟಿ ನೆಲದ ಮೇಲೆ ಇಟ್ಟು ಅದರ ಮೇಲೆ ಕುಳಿತುಕೊಳ್ಳಿ. ಹಿಂಬದಿಗೆ ನೆಲ ತಾಗಿದ ಹಾಗೆ ಅನಿಸಿದರೆ ಫೋಮ್ ಸತ್ತಿದೆ. ನೆಲದ ಮೇಲೆ ಚೆನ್ನಾಗಿಯೇ ಇದ್ದು, ಸೋಫಾದ ಮೇಲೆ ಇಟ್ಟಾಗ ಮಾತ್ರ ಗುಂಡಿ ಬೀಳುವುದಾದರೆ ತೊಂದರೆ ಕೆಳಗಿದೆ. ಎರಡು ಸೀಟ್‌ಗಳ ಕುಶನ್‌ಗಳನ್ನು ಅದಲು ಬದಲು ಮಾಡಿಯೂ ನೋಡಬಹುದು. ಟಿವಿಗೆ ನೇರ ಎದುರಿರುವ ಸೀಟ್ ಯಾವಾಗಲೂ ಮೊದಲು ಹೋಗುತ್ತದೆ. ಅದರ ಕುಶನ್ ಮೂಲೆಯ ಸೀಟ್‌ಗೆ ಹಾಕಿದಾಗ ಗುಂಡಿಯೂ ಅದರ ಜೊತೆಗೇ ಹೋದರೆ ಫೋಮ್, ಹೋಗದಿದ್ದರೆ ಅಡಿಪಾಯ.

ಕುಶನ್ ಬೇರೆಯಾಗಿ ತೆಗೆಯಲು ಬಾರದ, ಬಟ್ಟೆ ಸಮೇತ ಹೊಡೆದು ಕೂರಿಸಿದ ಸೋಫಾಗಳೂ ಉಂಟು. ಅವುಗಳಿಗೆ ಈ ಪರೀಕ್ಷೆ ನಡೆಯುವುದಿಲ್ಲ. ಅಂಥದ್ದನ್ನು ಇಬ್ಬರು ಸೇರಿ ಮಗುಚಿ ಹಾಕಬೇಕು. ಅಡಿಯಲ್ಲಿ ಒಂದು ತೆಳು ಕಪ್ಪು ಬಟ್ಟೆ ಇರುತ್ತದೆ, ಸ್ಟೇಪ್ಲರ್ ಪಿನ್ ಹೊಡೆದದ್ದು. ಮೂರು ಬದಿಯ ಪಿನ್ ಎಬ್ಬಿಸಿದರೆ ಸಾಕು, ಇಡೀ ಕಥೆ ಕಾಣುತ್ತದೆ. ಅದರ ಒಳಗೆ ಮಕ್ಕಳ ಪೆನ್ಸಿಲ್, ಚಿಲ್ಲರೆ, ಕಳೆದುಹೋಯಿತು ಎಂದು ಮನೆಯವರೆಲ್ಲ ಹುಡುಕಿದ ರಿಮೋಟ್ ಮುಚ್ಚಳ ಸಿಕ್ಕಿದರೆ ಅದು ಲಾಭ.

ಒಳಗೆ ಇರುವುದು ಮುಖ್ಯವಾಗಿ ಮೂರು ಬಗೆ. ಒಂದು, ಹಾವಿನ ಹಾಗೆ ಅಂಕುಡೊಂಕಾಗಿ ಮುಂದಿನಿಂದ ಹಿಂದಕ್ಕೆ ಹೋಗುವ ಉಕ್ಕಿನ ತಂತಿ. ಇದನ್ನು ಝಿಗ್‌ಝಾಗ್ ಸ್ಪ್ರಿಂಗ್ ಎನ್ನುತ್ತಾರೆ. ಎರಡನೆಯದು ಎರಡು-ಮೂರು ಇಂಚು ಅಗಲದ ಇಲಾಸ್ಟಿಕ್ ಬೆಲ್ಟ್, ಚಾಪೆ ಹೆಣೆದ ಹಾಗೆ ಅಡ್ಡ-ಉದ್ದ ಎಳೆದು ಹೊಡೆದದ್ದು. ಮೂರನೆಯದು ಬರೀ ಹಲಗೆ, ಪ್ಲೈವುಡ್ ಇಲ್ಲವೇ ಮರದ ರೀಪು. ಹಳೆಯ ಸೋಫಾಗಳಲ್ಲಿ ಸುರುಳಿ ಸ್ಪ್ರಿಂಗ್‌ಗಳನ್ನು ಸೆಣಬಿನ ಪಟ್ಟಿಯ ಮೇಲೆ ನಿಲ್ಲಿಸಿ ಹುರಿಯಿಂದ ಕಟ್ಟಿರುತ್ತಾರೆ. ಅದನ್ನು ಸರಿಯಾಗಿ ಕಟ್ಟಬಲ್ಲ ಕೆಲಸಗಾರರು ಈಗ ಕಡಿಮೆ. ಅಂಥ ಸೋಫಾ ಮನೆಯಲ್ಲಿದ್ದರೆ ಕಟ್ಟಲು ಗೊತ್ತಿರುವ ಹಿರಿಯ ಕೆಲಸಗಾರರನ್ನೇ ಹುಡುಕಿ, ಕಿತ್ತು ಬಿಸಾಡಬೇಡಿ.

ಝಿಗ್‌ಝಾಗ್ ಸ್ಪ್ರಿಂಗ್ ತುಂಡಾಗುವುದಕ್ಕಿಂತ ಅದರ ಕ್ಲಿಪ್ ಕಿತ್ತುಬರುವುದೇ ಹೆಚ್ಚು. ಚೌಕಟ್ಟಿಗೆ ಮೊಳೆ ಹೊಡೆದು ಕೂರಿಸಿದ ಕ್ಲಿಪ್ ಅದು. ಮರ ಮೃದುವಾಗಿದ್ದರೆ, ಅಥವಾ ಮರದ ಬದಲು ಪಾರ್ಟಿಕಲ್ ಬೋರ್ಡ್ ಇದ್ದರೆ, ಮೊಳೆ ಹಿಡಿತ ಬಿಡುತ್ತದೆ. ಒಂದು ಕ್ಲಿಪ್ ಬಿಟ್ಟರೆ ಪಕ್ಕದ ಸ್ಪ್ರಿಂಗ್ ಮೇಲೆ ಭಾರ ಬಿದ್ದು ಅದೂ ಬಿಡುತ್ತದೆ. ‘ಕಿರ್ರ್’ ಶಬ್ದ ಶುರುವಾದಾಗಲೇ ನೋಡಿದ್ದರೆ ನಾಲ್ಕು ಸ್ಕ್ರೂನಲ್ಲಿ ಮುಗಿಯುತ್ತಿತ್ತು. ಹಳೆಯ ಮೊಳೆ ತೂತಿಗೇ ಮತ್ತೆ ಮೊಳೆ ಹೊಡೆದರೆ ಒಂದು ತಿಂಗಳೂ ನಿಲ್ಲುವುದಿಲ್ಲ. ಕ್ಲಿಪ್ಪನ್ನು ಅರ್ಧ ಇಂಚು ಪಕ್ಕಕ್ಕೆ ಸರಿಸಿ ಸ್ಕ್ರೂ ಹಾಕಬೇಕು. ತುಂಡಾದ ಸ್ಪ್ರಿಂಗ್ ಬದಲಿಸುವಾಗ ಹಳೆಯದರಷ್ಟೇ ದಪ್ಪದ ತಂತಿ ಕೇಳಿ, ತೆಳ್ಳಗಿನದ್ದು ಹಾಕಿದರೆ ಆ ಜಾಗ ಮತ್ತೆ ತಗ್ಗುತ್ತದೆ. ಸ್ಪ್ರಿಂಗ್‌ಗಳನ್ನು ಒಂದಕ್ಕೊಂದು ಕಟ್ಟುವ ಅಡ್ಡ ತಂತಿ ಇದೆಯೋ ನೋಡಿ. ಇದು ಇಲ್ಲದಿದ್ದರೆ ಪ್ರತಿ ಸ್ಪ್ರಿಂಗ್ ತನ್ನ ಪಾಡಿಗೆ ತಾನು ಇಳಿಯುತ್ತದೆ. ಸ್ಪ್ರಿಂಗ್ ಮೇಲೆ ದಪ್ಪ ಬಟ್ಟೆಯೋ ಫೆಲ್ಟೋ ಹಾಸಿರಬೇಕು, ಇಲ್ಲದಿದ್ದರೆ ಫೋಮ್‌ನ ಅಡಿಭಾಗವನ್ನು ತಂತಿ ಗರಗಸದ ಹಾಗೆ ಕೊಯ್ಯುತ್ತದೆ. ಅಡಿಯಲ್ಲಿ ಪುಡಿ ಪುಡಿಯಾದ ಹಳದಿ ಫೋಮ್ ಬಿದ್ದಿದ್ದರೆ ಕಾರಣ ಇದೇ.

ಇಲಾಸ್ಟಿಕ್ ಬೆಲ್ಟ್‌ಗೆ ಆಯುಸ್ಸು ಇದೆ. ರಬ್ಬರ್ ಹಳೆಯದಾದರೆ ಎಳೆತ ಕಳೆದುಕೊಳ್ಳುತ್ತದೆ, ನೋಡಲು ಮಾತ್ರ ಸರಿಯಾಗಿಯೇ ಇರುತ್ತದೆ. ಅಂಗೈಯಿಂದ ಒತ್ತಿ ನೋಡಿ, ಆಸ್ಪತ್ರೆಯ ಹಳೆಯ ಮಂಚದ ಹಾಗೆ ಕೆಳಗೆ ಹೋದರೆ ಬದಲಿಸಬೇಕು. ಬೆಲ್ಟ್ ಬದಲಿಸುವುದು ಸೋಫಾ ರಿಪೇರಿಯಲ್ಲೇ ಅಗ್ಗದ ಕೆಲಸ. ಕುಸಿದ ಬೆಲ್ಟ್ ಮೇಲೆ ಒಳ್ಳೆಯ ಫೋಮ್ ಹಾಕುವುದೇ ದುಬಾರಿ ಕೆಲಸ. ಗುಂಡಿಯ ಆಕಾರಕ್ಕೆ ಫೋಮ್ ಬಾಗುತ್ತದೆ, ಬಾಗಿದ ಜಾಗದಲ್ಲೇ ಬೇಗ ಸಾಯುತ್ತದೆ.

ಹಾಗೇ ಚೌಕಟ್ಟನ್ನೂ ಒಮ್ಮೆ ಬೆರಳಿನ ಗಂಟಿನಿಂದ ತಟ್ಟಿ ನೋಡಿ. ಟೊಳ್ಳು ಶಬ್ದ ಬಂದರೆ, ಅಡಿಯಲ್ಲಿ ಹಿಟ್ಟಿನಂಥ ಪುಡಿ ಬಿದ್ದಿದ್ದರೆ ಹುಳ ಹೊಕ್ಕಿದೆ. ಮುಂಭಾಗದ ಉದ್ದದ ಪಟ್ಟಿ ನಡುವೆ ಬಿರುಕು ಬಿಟ್ಟಿರುವುದೂ ಉಂಟು, ಮೂರು ಜನರ ಸೋಫಾದಲ್ಲಿ ಮುಖ್ಯವಾಗಿ. ಅದಕ್ಕೆ ನಡುವೆ ಇನ್ನೊಂದು ಕಾಲು ಕೊಟ್ಟರೆ ಹತ್ತು ವರ್ಷ ಬರುತ್ತದೆ.

ಡೆನ್ಸಿಟಿ ಎಂದರೆ ಗಟ್ಟಿ ಎಂದಲ್ಲ

ಅಡಿಪಾಯ ಸರಿ ಇದ್ದು ಫೋಮೇ ಹೋಗಿದ್ದರೆ ಅಂಗಡಿಗೆ ಹೋಗಬೇಕು. ಅಲ್ಲಿ ಕೇಳಿಬರುವ ಮೊದಲ ಮಾತು ‘ಡೆನ್ಸಿಟಿ’. ಮಾರುವವರೂ ಕೊಳ್ಳುವವರೂ ತಪ್ಪಾಗಿ ಬಳಸುವ ಮಾತು ಇದು.

ಸೋಫಾ ಫೋಮ್ ಎಂದರೆ ಪಾಲಿಯುರೆಥೇನ್. ಜರ್ಮನಿಯ ಒಟ್ಟೊ ಬೇಯರ್ 1937ರಲ್ಲಿ ಈ ರಸಾಯನ ಕಂಡುಹಿಡಿದರು, ಮೆತ್ತನೆಯ ಫೋಮ್ ಆಗಿ ಮಾರುಕಟ್ಟೆಗೆ ಬಂದದ್ದು 1950ರ ದಶಕದಲ್ಲಿ. ಎರಡು ದ್ರವಗಳನ್ನು ನೀರಿನ ಜೊತೆ ಸೇರಿಸಿದಾಗ ಒಳಗೆ ಗ್ಯಾಸ್ ಹುಟ್ಟಿ ಅಪ್ಪದ ಹಿಟ್ಟಿನ ಹಾಗೆ ಉಬ್ಬುತ್ತದೆ. ಹೆಚ್ಚು ಉಬ್ಬಿಸಿದರೆ ಅದೇ ಮಾಲಿನಲ್ಲಿ ಹೆಚ್ಚು ಫೋಮ್ ಸಿಗುತ್ತದೆ, ಗೋಡೆಗಳು ತೆಳ್ಳಗಾಗುತ್ತವೆ. ಕಡಿಮೆ ಉಬ್ಬಿಸಿದರೆ ಗೋಡೆ ದಪ್ಪ, ಬಾಳಿಕೆ ಹೆಚ್ಚು, ಬೆಲೆಯೂ ಹೆಚ್ಚು. ಒಂದು ಘನ ಮೀಟರ್ ಫೋಮ್ ಎಷ್ಟು ಕಿಲೋ ತೂಗುತ್ತದೆ ಎಂಬುದೇ ಡೆನ್ಸಿಟಿ. 32 ಡೆನ್ಸಿಟಿ ಎಂದರೆ ಘನ ಮೀಟರ್‌ಗೆ 32 ಕಿಲೋ. ಅದಕ್ಕಿಂತ ಹೆಚ್ಚಿನ ಅರ್ಥ ಅದಕ್ಕಿಲ್ಲ.

ಗಟ್ಟಿತನ ಬೇರೆ ಲೆಕ್ಕ. ರಸಾಯನ ಬದಲಿಸಿ 23 ಡೆನ್ಸಿಟಿಯನ್ನೂ ಕಲ್ಲಿನ ಹಾಗೆ ಗಟ್ಟಿ ಮಾಡಬಹುದು, 40 ಡೆನ್ಸಿಟಿಯನ್ನೂ ಮೆತ್ತಗೆ ಮಾಡಬಹುದು. ಗಿರಾಕಿ ಬಂದು ಎರಡು ಬೆರಳಲ್ಲಿ ಒತ್ತಿ ‘ಇದು ಗಟ್ಟಿ ಉಂಟು, ಇದೇ ಇರಲಿ’ ಎನ್ನುವಾಗ ಅವರು ನೋಡುತ್ತಿರುವುದು ಗಟ್ಟಿತನ. ಬಾಳಿಕೆ ತಿಳಿಯಬೇಕಾದರೆ ನೋಡಬೇಕಾದ್ದು ಡೆನ್ಸಿಟಿ. ಕಡಿಮೆ ಡೆನ್ಸಿಟಿಯ ಗಟ್ಟಿ ಫೋಮ್ ಮೊದಲ ಮೂರು ತಿಂಗಳು ರಾಜನ ಹಾಗೆ ಇದ್ದು ಆಮೇಲೆ ಒಮ್ಮೆಲೇ ಮಲಗಿಬಿಡುತ್ತದೆ. ‘ಮೋಸ ಹೋದೆ’ ಎನ್ನುವ ಹೆಚ್ಚಿನ ದೂರುಗಳ ಹಿಂದೆ ಇರುವುದು ಇದು.

ಡೆನ್ಸಿಟಿಯನ್ನು ಕಣ್ಣಿನಿಂದಲೂ ಕೈಯಿಂದಲೂ ತಿಳಿಯಲಾಗುವುದಿಲ್ಲ. ತಕ್ಕಡಿಯಲ್ಲಿ ಮಾತ್ರ ತಿಳಿಯುತ್ತದೆ. ಹೇಗೆ ಅಂತ ಹೇಳಿದರೆ ಯಾರು ಬೇಕಾದರೂ ಮಾಡಬಹುದು. ಉದ್ದ, ಅಗಲ, ದಪ್ಪ ಮೂರನ್ನೂ ಇಂಚಿನಲ್ಲಿ ಅಳೆದು ಗುಣಿಸಿ. ಬಂದದ್ದನ್ನು ಡೆನ್ಸಿಟಿಯಿಂದ ಗುಣಿಸಿ 61,000ದಿಂದ ಭಾಗಿಸಿದರೆ ಆ ತುಂಡು ಎಷ್ಟು ಕಿಲೋ ಇರಬೇಕು ಎಂದು ಸಿಗುತ್ತದೆ. 61,000 ಎಲ್ಲಿಂದ ಬಂತು ಎಂದರೆ, ಒಂದು ಘನ ಮೀಟರ್‌ನಲ್ಲಿ ಹೆಚ್ಚುಕಡಿಮೆ ಅಷ್ಟು ಘನ ಇಂಚು ಇವೆ.

ಒಂದು ಸೀಟ್‌ನ ಸಾಮಾನ್ಯ ಅಳತೆ 24 ಇಂಚು ಉದ್ದ, 24 ಅಗಲ, 4 ದಪ್ಪ ಎಂದು ಇಟ್ಟುಕೊಳ್ಳಿ. ಗುಣಿಸಿದರೆ 2,304. ಇದು 18 ಡೆನ್ಸಿಟಿಯದ್ದಾದರೆ ಸುಮಾರು 680 ಗ್ರಾಂ ತೂಗಬೇಕು. 23ಕ್ಕೆ 870 ಗ್ರಾಂ, 28ಕ್ಕೆ 1 ಕಿಲೋ 60 ಗ್ರಾಂ, 32ಕ್ಕೆ 1 ಕಿಲೋ 210 ಗ್ರಾಂ, 40ಕ್ಕೆ 1 ಕಿಲೋ 510 ಗ್ರಾಂ. ‘32’ ಎಂದು ಹೇಳಿ ಕೊಟ್ಟ ತುಂಡು 870 ಗ್ರಾಂ ತೂಗಿದರೆ ಅದು 23. ವಾದ ಮಾಡುವ ಅಗತ್ಯವೇ ಇಲ್ಲ, ಮೊಬೈಲ್ ಕ್ಯಾಲ್ಕುಲೇಟರ್ ತೋರಿಸಿದರೆ ಆಯಿತು. ಐವತ್ತು ಗ್ರಾಂ ಆಚೀಚೆ ಬಂದರೆ ಜಗಳ ಬೇಡ, ಕತ್ತರಿಸುವಾಗ ಅಷ್ಟು ವ್ಯತ್ಯಾಸ ಆಗುತ್ತದೆ. ಇಡೀ ಶೀಟ್ ತೆಗೆದುಕೊಳ್ಳುವುದಾದರೆ 72×36 ಇಂಚಿನ 4 ಇಂಚು ದಪ್ಪದ ಶೀಟ್ 32 ಡೆನ್ಸಿಟಿಯಲ್ಲಿ ಸುಮಾರು 5 ಕಿಲೋ 440 ಗ್ರಾಂ ಬರಬೇಕು.

ಇಲ್ಲೂ ಒಂದು ಕಿತಾಪತಿ ಉಂಟು. ತೂಕ ಬರಲಿ ಅಂತ ಕೆಲವು ಫೋಮ್‌ಗಳಿಗೆ ಸುಣ್ಣದ ಕಲ್ಲಿನ ಪುಡಿ, ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟ್, ಬೆರೆಸಿರುತ್ತಾರೆ. ತಕ್ಕಡಿಗೆ ಇದು ಗೊತ್ತಾಗುವುದಿಲ್ಲ. ಆದರೆ ಕೈಗೆ ಗೊತ್ತಾಗುತ್ತದೆ. ತುಂಡಿನ ಮೂಲೆಯನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಂಡಿ ಬಿಡಿ. ಒಳ್ಳೆಯ ಫೋಮ್ ತಕ್ಷಣ ಹಿಂದಿನ ರೂಪಕ್ಕೆ ಬರುತ್ತದೆ. ಪುಡಿ ಬೆರೆಸಿದ್ದು ನಿಧಾನಕ್ಕೆ ಏಳುತ್ತದೆ, ಅಂಚನ್ನು ಉಗುರಿನಿಂದ ಕೆರೆದರೆ ಸುಲಭವಾಗಿ ಉದುರುತ್ತದೆ, ಬೆರಳಿಗೆ ಸಣ್ಣಗೆ ಹಿಟ್ಟು ಹತ್ತುತ್ತದೆ. ತೂಕ ಮತ್ತು ಈ ಹಿಂಡುವ ಪರೀಕ್ಷೆ, ಎರಡರಲ್ಲೂ ಪಾಸಾದದ್ದನ್ನು ಮಾತ್ರ ಮನೆಗೆ ತನ್ನಿ.

ಯಾವ ಸೀಟ್‌ಗೆ ಯಾವುದು

ದಿನಾ ಕುಳಿತುಕೊಳ್ಳುವ ಸೀಟ್‌ಗೆ 32ಕ್ಕಿಂತ ಕಡಿಮೆ ಹಾಕಬೇಡಿ. ಹಿರಿಯರ ಸೀಟ್‌ಗೆ, ತೂಕ ಜಾಸ್ತಿ ಇರುವವರು ಕೂರುವ ಸೀಟ್‌ಗೆ 40 ಒಳ್ಳೆಯದು. ಬೆನ್ನಿನ ಕುಶನ್‌ಗೆ ಅಷ್ಟು ಭಾರ ಬೀಳುವುದಿಲ್ಲ, 18 ಅಥವಾ 23 ಸಾಕು, ಅಲ್ಲಿ 40 ಹಾಕಿಸುವುದು ದುಡ್ಡು ದಂಡ. ವರ್ಷಕ್ಕೆ ನಾಲ್ಕು ಸಲ ನೆಂಟರು ಕೂರುವ ಮುಂದಿನ ಕೋಣೆಯ ಸೋಫಾಗೂ 28 ನಡೆಯುತ್ತದೆ. ಎಲ್ಲ ಸೀಟ್‌ಗೂ ಒಂದೇ ದರ್ಜೆಯ ಫೋಮ್ ಇರಲೇಬೇಕು ಅಂತ ಕಾನೂನು ಇಲ್ಲ. ಅಜ್ಜಿ ಕೂರುವ ಜಾಗ ಮನೆಯವರಿಗೆ ಗೊತ್ತೇ ಇರುತ್ತದೆ, ಅದೊಂದಕ್ಕೆ ಒಳ್ಳೆಯದು ಹಾಕಿಸಿ ಅರ್ಧ ಇಂಚು ಎತ್ತರವೂ ಮಾಡಿಸಿದರೆ ನೋಡುವವರ ಕಣ್ಣಿಗೆ ವ್ಯತ್ಯಾಸ ಕಾಣುವುದಿಲ್ಲ.

ಎಚ್‌ಆರ್ ಫೋಮ್ ಎಂದು ಇನ್ನೊಂದು ಬಗೆ ಸಿಗುತ್ತದೆ. ಹೈ ರೆಸಿಲಿಯನ್ಸ್ ಎಂಬುದರ ಸಣ್ಣ ರೂಪ. ಇದರ ಗುಣ ಏನೆಂದರೆ, ಮೊದಲು ಕುಳಿತಾಗ ಮೆತ್ತಗೆ ಇಳಿಯುತ್ತದೆ, ಇಳಿದಷ್ಟೂ ಹೆಚ್ಚು ಎದುರು ಒತ್ತುತ್ತದೆ. ಸಾಮಾನ್ಯ ಫೋಮ್ ಒಂದು ಹಂತ ದಾಟಿದ ಮೇಲೆ ಸೋತು ಹಲಗೆ ತಾಗಿಸಿಬಿಡುತ್ತದೆ. ಬೆಲೆ ಹೆಚ್ಚು, ಆದರೆ ದಿನವಿಡೀ ಬಳಸುವ ಸೀಟ್‌ಗೆ ಕೊಟ್ಟ ದುಡ್ಡು ವಾಪಸ್ ಬರುತ್ತದೆ. ಬಣ್ಣಬಣ್ಣದ ಚೂರುಗಳನ್ನು ಒತ್ತಿ ಅಂಟಿಸಿದ ರೀಬಾಂಡೆಡ್ ಫೋಮ್ ಬಹಳ ಗಟ್ಟಿ, ಅದು ಮೇಲಿನ ಪದರಕ್ಕಲ್ಲ. ಅಡಿಯಲ್ಲಿ ಒಂದೆರಡು ಇಂಚು ಅದನ್ನು ಹಾಕಿ ಮೇಲೆ 32 ಅಥವಾ 40 ಹಾಕಿದರೆ ಗಟ್ಟಿ ಬೇಕೆನ್ನುವವರಿಗೆ ಸರಿಯಾಗುತ್ತದೆ. ಅದೊಂದನ್ನೇ ಕವರ್‌ನೊಳಗೆ ಹಾಕಿ ಕೊಟ್ಟರೆ ಬಸ್‌ಸ್ಟ್ಯಾಂಡ್‌ನ ಬೆಂಚಿಗೂ ಅದಕ್ಕೂ ದೊಡ್ಡ ವ್ಯತ್ಯಾಸ ಇಲ್ಲ.

ರಬ್ಬರ್ ಹಾಲಿನಿಂದ ಮಾಡಿದ ಲ್ಯಾಟೆಕ್ಸ್ ಫೋಮ್ ಪಾಲಿಯುರೆಥೇನ್‌ಗಿಂತ ಹಳೆಯದು, 1929ರಲ್ಲಿ ಡನ್‌ಲಪ್ ಕಂಪೆನಿಯಲ್ಲಿ ಹುಟ್ಟಿದ್ದು. ಬಾಳಿಕೆ ಒಳ್ಳೆಯದು, ತುಂಬ ಭಾರ, ಬೆಲೆಯೂ ಭಾರ. ಸುತ್ತಲೂ ರಬ್ಬರ್ ತೋಟ ಇಟ್ಟುಕೊಂಡೂ ಕಾಸರಗೋಡಿನವರು ಅದನ್ನು ಸೋಫಾಗೆ ಹಾಕಿಸುವುದು ಕಡಿಮೆ. ತೆಂಗಿನ ನಾರಿಗೆ ರಬ್ಬರ್ ಹಾಲು ಸಿಂಪಡಿಸಿ ಒತ್ತಿದ ರಬ್ಬರೈಸ್ಡ್ ಕಾಯಿರ್ ಈ ಕಡೆ ಎಲ್ಲರಿಗೂ ಪರಿಚಯ. ದಿವಾನ್‌ಗೆ, ಬೆತ್ತದ ಸೋಫಾಗೆ ಅದು ಸರಿ, ಗಾಳಿಯಾಡುತ್ತದೆ, ಸೆಕೆ ಹಿಡಿಯುವುದಿಲ್ಲ. ಆದರೆ ಒಮ್ಮೆ ತಗ್ಗಿದರೆ ಮತ್ತೆ ಏಳುವುದಿಲ್ಲ. ಬೂರುಗದ ಹತ್ತಿಯ ಕುಶನ್ ಇನ್ನೂ ಇಟ್ಟುಕೊಂಡಿರುವ ಮನೆಗಳಿವೆ. ಅದು ತಿಂಗಳಿಗೊಮ್ಮೆ ಬಿಸಿಲಿಗೆ ಹಾಕಿ ಬಡಿದರೆ ಉಬ್ಬುತ್ತದೆ. ಬಯಲುಸೀಮೆಯಲ್ಲಿ ಪಿಂಜಾರರು ಬಿಲ್ಲು ಹಿಡಿದು ಮನೆ ಮನೆಗೆ ಬಂದು ಹತ್ತಿ ಎಕ್ಕಿ ಹಳೆಯ ಗಾದಿಗೆ ಜೀವ ಕೊಡುತ್ತಿದ್ದರು. ಫೋಮ್‌ಗೆ ಅಂಥ ಎರಡನೆಯ ಜನ್ಮ ಇಲ್ಲ. ಅದರ ಒಳಗಿನ ಗೋಡೆಗಳು ಮುರಿದರೆ ಮುರಿದದ್ದೇ. ಇಸ್ತ್ರಿಯ ಹಬೆ ಹಿಡಿದು ಏಳಿಸುವ ವೀಡಿಯೊಗಳು ಮೊಬೈಲ್‌ನಲ್ಲಿ ಬರುತ್ತವೆ, ಎದ್ದದ್ದು ಮತ್ತೆ ಮಲಗಲು ಹೆಚ್ಚು ದಿನ ಬೇಕಾಗುವುದಿಲ್ಲ.

ಅಳತೆ ಕೊಡುವಾಗ ಹಳೆಯ ಫೋಮ್ ಅಳೆಯಬೇಡಿ, ಅದು ಕುಗ್ಗಿರುತ್ತದೆ. ಕವರ್ ಬಿಚ್ಚಿ ಹೊಲಿಗೆಯಿಂದ ಹೊಲಿಗೆಗೆ ಅಳೆಯಿರಿ. ಬಂದ ಅಳತೆಗಿಂತ ಉದ್ದಗಲದಲ್ಲಿ ಅರ್ಧದಿಂದ ಒಂದು ಇಂಚು ಹೆಚ್ಚು ಕತ್ತರಿಸಿದರೆ ಕವರ್ ಬಿಗಿಯಾಗಿ ಕೂರುತ್ತದೆ. ಕೈಯ ಹತ್ತಿರ ಬಳುಕಿದ ಆಕಾರವಿದ್ದರೆ ಹಳೆಯ ಪೇಪರ್ ಹಾಸಿ ಗುರುತು ಹಾಕಿಕೊಂಡು ಹೋಗಿ. ಫೋಮ್‌ನ ಸುತ್ತ ಪಾಲಿಯೆಸ್ಟರ್ ಹತ್ತಿಯ ತೆಳು ಹಾಸು ಸುತ್ತಿಸಿದರೆ ಮೂಲೆಗಳು ತುಂಬಿಕೊಳ್ಳುತ್ತವೆ, ಕವರ್ ಉಜ್ಜಿ ಫೋಮ್ ಸವೆಯುವುದೂ ತಪ್ಪುತ್ತದೆ. ಸಣ್ಣ ಖರ್ಚು, ಕೆಲಸಗಾರರು ತಾವಾಗಿ ಹೇಳುವುದಿಲ್ಲ, ಕೇಳಬೇಕು.

ಮತ್ತೆ ಲೆಕ್ಕದ ಒಂದು ಮಾತು. 72×36ರ ಶೀಟ್‌ನಲ್ಲಿ 24×24ರ ಮೂರು ಸೀಟ್ ಕತ್ತರಿಸಿದ ಮೇಲೆ 72×12ರ ಒಂದು ಪಟ್ಟಿ ಉಳಿಯುತ್ತದೆ. ಅಂದರೆ ಶೀಟ್‌ನ ಮೂರನೇ ಒಂದು ಭಾಗ. ಇಡೀ ಶೀಟ್‌ಗೆ ದುಡ್ಡು ಕೊಟ್ಟವರು ಆ ಪಟ್ಟಿಯನ್ನು ಕೇಳಿ ತೆಗೆದುಕೊಳ್ಳಬೇಕು, ಕೈ ಇಡುವ ಜಾಗಕ್ಕೆ, ಊಟದ ಕುರ್ಚಿಯ ಮೆತ್ತೆಗೆ ಅದು ಸಾಕಾಗುತ್ತದೆ. 3+1+1 ಸೆಟ್ ಇದ್ದವರು 72×48ರ ಶೀಟ್ ಸಿಗುತ್ತದೋ ವಿಚಾರಿಸಿ. ಅದರಲ್ಲಿ ಸರಿಯಾಗಿ ಆರು ತುಂಡು ಬರುತ್ತವೆ, ಐದು ಸೀಟ್ ಆಗಿ ಒಂದು ಕೈಯಲ್ಲಿ ಉಳಿಯುತ್ತದೆ.

ಸದ್ಯಕ್ಕೆ ದುಡ್ಡಿಲ್ಲ ಎಂದರೆ

ಕುಶನ್‌ಗಳನ್ನು ತಿರುವಿ ಹಾಕುವುದು, ಜಾಗ ಬದಲಿಸುವುದು ತಿಂಗಳಿಗೊಮ್ಮೆ ಮಾಡಿದರೆ ಒಂದೇ ಕಡೆ ಸವೆಯುವುದಿಲ್ಲ. ಕುಸಿದ ಸೀಟ್‌ನ ಕೆಳಗೆ ಪ್ಲೈವುಡ್ ಹಲಗೆ ಇಡುವುದು ಎಲ್ಲರಿಗೂ ಗೊತ್ತಿರುವ ಉಪಾಯ. 9 ಅಥವಾ 12 ಮಿಲಿಮೀಟರ್ ದಪ್ಪದ್ದು ಸಾಕು. ಮೂಲೆ ಉರುಟು ಮಾಡಿ, ಗಾಳಿಗೆ ಐದಾರು ತೂತು ಕೊರೆಸಿ. ನಮ್ಮ ತೇವಕ್ಕೆ ಎಂಆರ್ ದರ್ಜೆಯ ಪ್ಲೈ ಬೇಗ ಪದರ ಬಿಡುತ್ತದೆ, ಬಿಡಬ್ಲ್ಯೂಆರ್ ಕೇಳಿ. ಹಲಗೆ ಇಟ್ಟರೆ ಗುಂಡಿ ಹೋಗುತ್ತದೆ, ಸ್ಪ್ರಿಂಗ್‌ನ ಕೆಲಸವೂ ಹೋಗುತ್ತದೆ, ಎಲ್ಲ ಭಾರ ಫೋಮ್ ಮೇಲೆ. ಹಾಗಾಗಿ ಫೋಮ್ ಚೆನ್ನಾಗಿದ್ದು ಬೆಲ್ಟ್ ಮಾತ್ರ ಹೋಗಿರುವ ಸೋಫಾಗೆ ಇದು ನಡೆಯುತ್ತದೆ. ಫೋಮ್ ಸತ್ತಿರುವಲ್ಲಿ ಹಲಗೆ ಇಟ್ಟರೆ ಹಲಗೆಯ ಮೇಲೇ ಕೂತ ಹಾಗೆ. ಹಳೆಯ ಬೆಡ್‌ಶೀಟ್ ಮಡಚಿ ಕುಶನ್ ಕೆಳಗೆ ಇಡುವುದಾದರೆ ಗುಂಡಿ ಇರುವ ಜಾಗಕ್ಕೆ ಮಾತ್ರ ಇಡಿ. ಅದು ನಾಲ್ಕು ದಿನದ ಮಾತು, ನೆಂಟರು ಹೋಗುವ ತನಕ.

ಮಳೆಗಾಲ

ಫೋಮ್ ತಗ್ಗುವುದಕ್ಕೆ ಭಾರ ಒಂದೇ ಕಾರಣವಲ್ಲ. ಸೆಕೆ ಮತ್ತು ತೇವ ಸೇರಿದರೆ ಒತ್ತಿದ ಫೋಮ್ ಮತ್ತೆ ಏಳುವ ಶಕ್ತಿ ಬೇಗ ಕಳೆದುಕೊಳ್ಳುತ್ತದೆ. ಮಂಜೇಶ್ವರ, ಉಪ್ಪಳ, ಕುಂಬಳೆ ಕಡೆಯ ಕಡಲ ತೀರದ ಮನೆಗಳಲ್ಲಿ ಈ ಎರಡೂ ವರ್ಷದ ಹೆಚ್ಚಿನ ತಿಂಗಳು ಇವೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಸೋಫಾವನ್ನು ಗೋಡೆಗೆ ತಾಗಿಸಿ ಇಡಬೇಡಿ, ಒಂದು ಗೇಣು ಬಿಡಿ. ವಾರಕ್ಕೊಮ್ಮೆ ಕುಶನ್‌ಗಳನ್ನು ಎಬ್ಬಿಸಿ ನಿಲ್ಲಿಸಿ ಫ್ಯಾನ್ ಹಾಕಿ. ಒದ್ದೆ ಬಟ್ಟೆಯಲ್ಲಿ ಕುಳಿತು, ಅಥವಾ ಮಕ್ಕಳು ನೀರು ಚೆಲ್ಲಿ, ಫೋಮ್ ಒಳಗೆ ತೇವ ಹೋದರೆ ಕವರ್ ತೆಗೆದು ಗಾಳಿಗೆ ಇಡಬೇಕು. ಕವರ್ ಮೇಲಿಂದ ಒಣಗಿದ ಹಾಗೆ ಕಂಡರೂ ಒಳಗೆ ದಿನಗಟ್ಟಲೆ ಒಣಗುವುದಿಲ್ಲ, ಬೂಸ್ಟು ಹಿಡಿಯುತ್ತದೆ. ಬೂಸ್ಟು ಒಳಗೆ ಇಳಿದ ಫೋಮ್ ತೊಳೆದು ಪ್ರಯೋಜನ ಇಲ್ಲ, ದಮ್ಮು ಇರುವವರ ಮನೆಯಲ್ಲಂತೂ ಅದನ್ನು ಇಟ್ಟುಕೊಳ್ಳಲೇಬಾರದು.

ಬಿಸಿಲಿಗೆ ಹಾಕುವ ವಿಷಯದಲ್ಲಿ ಹತ್ತಿಯ ನಿಯಮ ಫೋಮ್‌ಗೆ ಹೊಂದುವುದಿಲ್ಲ. ಕವರ್ ಬಿಸಿಲಿಗೆ, ಫೋಮ್ ನೆರಳಿನ ಗಾಳಿಗೆ. ನೇರ ಬಿಸಿಲಿಗೆ ಇಟ್ಟರೆ ಹಳದಿಯಾಗಿ ಮೇಲ್ಪದರ ಬಿಸ್ಕೆಟಿನ ಹಾಗೆ ಪುಡಿಯಾಗುತ್ತದೆ. ರೆಕ್ಸಿನ್ ಸೋಫಾ ನಾಲ್ಕೈದು ವರ್ಷಕ್ಕೆ ಸಿಪ್ಪೆ ಸುಲಿಯುವುದೂ ಹೆಚ್ಚಾಗಿ ತೇವದಿಂದಲೇ, ಮೇಲಿನ ಪಾಲಿಯುರೆಥೇನ್ ಲೇಪ ನೀರಿನಂಶಕ್ಕೆ ಕಳಚುತ್ತದೆ. ಅದಕ್ಕೆ ಎಣ್ಣೆ ಹಚ್ಚಿ ಉಪಯೋಗ ಇಲ್ಲ. ಮುಂದಿನ ಸಲ ಬಟ್ಟೆಯ ಕವರ್ ಹಾಕಿಸುವುದು ನಮ್ಮ ಕಡೆಗೆ ಒಳ್ಳೆಯದು, ಝಿಪ್ ಇಟ್ಟೇ ಹೊಲಿಸಿ.

ಇನ್ನೊಂದು ಎಚ್ಚರ. ಸೊಳ್ಳೆ ಬತ್ತಿ ಹಚ್ಚಿ ಸೋಫಾದ ಅಡಿಗೆ ತಳ್ಳುವ ಅಭ್ಯಾಸ ಹಲವು ಮನೆಗಳಲ್ಲಿ ಉಂಟು. ಅಡಿಯ ಕಪ್ಪು ಬಟ್ಟೆ ಹರಿದು ಫೋಮ್ ಜೋತುಬಿದ್ದಿದ್ದರೆ ಇದು ಬೆಂಕಿಗೆ ಕರೆ ಕೊಟ್ಟ ಹಾಗೆ. ಪಾಲಿಯುರೆಥೇನ್ ಹತ್ತಿಕೊಂಡರೆ ನಿಮಿಷಗಳಲ್ಲಿ ಕೋಣೆ ತುಂಬ ವಿಷದ ಹೊಗೆ, ಅದರಲ್ಲಿ ಕಾರ್ಬನ್ ಮಾನಾಕ್ಸೈಡ್ ಜೊತೆಗೆ ಸೈನೈಡ್ ಅನಿಲವೂ ಇರುತ್ತದೆ. 1979ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನ ಒಂದು ದೊಡ್ಡ ಅಂಗಡಿಯಲ್ಲಿ ಫೋಮ್ ತುಂಬಿದ ಪೀಠೋಪಕರಣಕ್ಕೆ ಬೆಂಕಿ ಬಿದ್ದು 10 ಮಂದಿ ಸತ್ತರು. ಬ್ರಿಟನ್ 1988ರಲ್ಲಿ ಸೋಫಾಗಳ ಬೆಂಕಿ ಸುರಕ್ಷತೆಗೆ ಬಿಗಿ ನಿಯಮ ತಂದಿತು. ಬತ್ತಿಯನ್ನು ಕೋಣೆಯ ಮೂಲೆಯಲ್ಲಿ, ತಟ್ಟೆಯ ಮೇಲೆ ಇಡಿ.

ರಿಪೇರಿಯೋ ಎಕ್ಸ್‌ಚೇಂಜೋ

ಹಳೆಯ ಸೋಫಾದ ಚೌಕಟ್ಟು ಸಾಗುವಾನಿಯೋ ಹಲಸೋ ಆಗಿದ್ದರೆ ಅದನ್ನು ಎಕ್ಸ್‌ಚೇಂಜ್‌ಗೆ ಕೊಡುವ ಮೊದಲು ಎರಡು ಸಲ ಯೋಚಿಸಿ. ಮೇಲೆ ಹೇಳಿದ ಬೆಲ್ಟ್, ಫೋಮ್, ಹೊಸ ಕವರ್ ಮೂರನ್ನೂ ಹಾಕಿಸಿದ ಖರ್ಚು ಒಂದು ಕಾಗದದಲ್ಲಿ ಬರೆಯಿರಿ. ಎಕ್ಸ್‌ಚೇಂಜ್ ಕಳೆದು ಹೊಸತಿಗೆ ಕೊಡಬೇಕಾದ ದುಡ್ಡು ಇನ್ನೊಂದು ಬದಿಗೆ ಬರೆಯಿರಿ. ಆಮೇಲೆ ಹೊಸ ಸೋಫಾದ ಅಡಿ ಬಗ್ಗಿ ನೋಡಿ, ಒಳಗಿರುವುದು ಮರವೋ ಪಾರ್ಟಿಕಲ್ ಬೋರ್ಡೋ ಅಂತ. ತೋರಿಸಲು ಒಪ್ಪದ ಅಂಗಡಿಯಲ್ಲಿ ಸೋಫಾ ಕೊಳ್ಳುವ ಅಗತ್ಯ ಇಲ್ಲ. ವಾರಂಟಿ ಕಾರ್ಡ್ ಓದಿ. ಹೆಚ್ಚಾಗಿ ದೊಡ್ಡ ಅಕ್ಷರದ ಐದು ವರ್ಷ, ಹತ್ತು ವರ್ಷ ಎಂಬುದು ಚೌಕಟ್ಟಿಗೆ ಮಾತ್ರ, ಫೋಮ್ ಮತ್ತು ಬಟ್ಟೆಯನ್ನು ಸಣ್ಣ ಅಕ್ಷರದಲ್ಲಿ ಹೊರಗಿಟ್ಟಿರುತ್ತಾರೆ. ಚೌಕಟ್ಟಿಗೆ ಹುಳ ಹೊಕ್ಕಿದ್ದರೆ, ಪಾರ್ಟಿಕಲ್ ಬೋರ್ಡ್ ನೀರು ಕುಡಿದು ಉಬ್ಬಿದ್ದರೆ ಮಾತ್ರ ರಿಪೇರಿಗೆ ದುಡ್ಡು ಹಾಕಬೇಡಿ.

ಮನೆ ಬಾಗಿಲಿಗೇ ಬಂದು ಅಂಗಳದಲ್ಲಿ ಕೂತು ಮಾಡಿಕೊಡುವ ಕೆಲಸಗಾರರಿದ್ದಾರೆ. ಕೈಕೆಲಸ ಬಲ್ಲವರೇ ಹೆಚ್ಚು. ‘ಎಲ್ಲ ಸೇರಿ ಇಷ್ಟು’ ಎಂಬ ಒಟ್ಟು ಲೆಕ್ಕ ಮಾತ್ರ ಒಪ್ಪಬೇಡಿ. ಫೋಮ್ ಮತ್ತು ಬಟ್ಟೆ ನೀವೇ ಅಂಗಡಿಯಿಂದ ಬಿಲ್ ಸಮೇತ ತನ್ನಿ, ಮಜೂರಿ ಬೇರೆ ಮಾತಾಡಿ. ಬಿಲ್‌ನಲ್ಲಿ ಬರೀ ‘ಫೋಮ್’ ಅಂತ ಬರೆಸಿಕೊಂಡರೆ ನಾಳೆ ಕೇಳಲು ಏನೂ ಇರುವುದಿಲ್ಲ. ಡೆನ್ಸಿಟಿ, ಅಳತೆ, ದಪ್ಪ ಮೂರೂ ಬರೆಸಿ.

ಕಾಸರಗೋಡು ಜಿಲ್ಲೆಯವರು ಸೋಫಾಗೂ ಫೋಮ್‌ಗೂ ತಲಪಾಡಿ ದಾಟಿ ಮಂಗಳೂರಿಗೆ ಹೋಗುವುದು ಸಾಮಾನ್ಯ. ಮಾಲು ಕೆಟ್ಟರೆ ‘ಅಂಗಡಿ ಕರ್ನಾಟಕದ್ದು, ನಾವು ಕೇರಳದವರು, ಎಲ್ಲಿ ಅಲೆಯುವುದು’ ಎಂದು ಸುಮ್ಮನಾಗುವವರೇ ಹೆಚ್ಚು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಗ್ರಾಹಕರು ತಾವು ವಾಸವಿರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು. ಮಂಗಳೂರಿನಲ್ಲಿ ಕೊಂಡದ್ದಕ್ಕೆ ಕಾಸರಗೋಡಿನಲ್ಲಿ ದೂರು ನಡೆಯುತ್ತದೆ. ಅದಕ್ಕೂ ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ನೋಡಬಹುದು. ಆಗ ಕೈಯಲ್ಲಿ ಇರಬೇಕಾದ್ದು ಬಿಲ್, ಮತ್ತು ತಕ್ಕಡಿಯ ಮೇಲೆ ಫೋಮ್ ಇಟ್ಟು ಮೊಬೈಲ್‌ನಲ್ಲಿ ತೆಗೆದ ಒಂದು ಫೋಟೊ. ಅಂಗಡಿಯಿಂದ ತಂದ ದಿನವೇ, ಕವರ್ ಹಾಕುವ ಮೊದಲು, ಆ ಫೋಟೊ ತೆಗೆದಿಡಿ.